ಸುಮ್ಮನಿರಲಾರದವನ ಬ್ರೆಡ್ಡು

ಹೆಸರಿನಲ್ಲೇ ಅವಸರ ಇಟ್ಟುಕೊಂಡಿರುವ ಯಾವುದನ್ನೂ ನಂಬಬಾರದು ಅನ್ನುವುದು ನನ್ನ ಅರವತ್ತೊಂದು ವರ್ಷದ ಅನುಭವ. ದೇವಸ್ಥಾನದಲ್ಲಿ ‘ಶೀಘ್ರದರ್ಶನ’ದ ಚೀಟಿ ಕೊಂಡು ನಿಂತಿರುತ್ತೇವೆ, ಧರ್ಮದರ್ಶನದ ಸಾಲಿನವರು ದೇವರನ್ನು ನೋಡಿ, ಪ್ರಸಾದ ತಿಂದು, ಕೈ ತೊಳೆದು ಬಂದು ‘ಇನ್ನೂ ಇಲ್ಲೇ ಇದ್ದೀರಾ?’ ಅಂತ ವಿಚಾರಿಸಿಕೊಂಡು ಹೋಗುತ್ತಾರೆ. ದಿಢೀರ್ ದೋಸೆಯ ಪೊಟ್ಟಣ ತಿರುಗಿಸಿದರೆ ‘ಹಿಟ್ಟು ಕಲಸಿ ಅರ್ಧ ಗಂಟೆ ನೆನೆಯಲು ಬಿಡಿ’ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ‘ಕ್ವಿಕ್ ಬ್ರೆಡ್’ ಅನ್ನುವ ಹೆಸರು ಕಿವಿಗೆ ಬಿದ್ದಾಗ ನಾನು ಎಚ್ಚರಗೊಳ್ಳಲಿಲ್ಲ. ಸುಮ್ಮನಿರಲಾರದವನು ಮೈಮೇಲೆ ಇರುವೆ ಬಿಟ್ಟುಕೊಂಡ ಅನ್ನುತ್ತಾರಲ್ಲ, ನಾನು ಮನೆತುಂಬ ಕಡಲೆಕಾಯಿ ಬಿಟ್ಟುಕೊಂಡೆ.

ತಪ್ಪು ಬಸವಣ್ಣನದು. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಹಿಂದೆ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಕಡೆಯ ಹೊಲಗಳಿಗೆ ಬಸವ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದನಂತೆ. ಮೊದಲ ಬೆಳೆ ನಿನಗೇ ಕೊಡುತ್ತೇವೆ ಮಾರಾಯ ಅಂತ ರೈತರು ಕೈಮುಗಿದ ಮೇಲೆ ಕಾಟ ನಿಂತಿತಂತೆ. ನನಗೂ ಅವನಿಗೂ ಇರುವ ವ್ಯತ್ಯಾಸ ಒಂದೇ. ಅವನು ತಿಂದ ಮೇಲೆ ಕಲ್ಲಾಗಿ ಸುಮ್ಮನೆ ಕೂತ. ನನಗೆ ಅದೊಂದು ಬರುವುದಿಲ್ಲ. ಪರಿಷೆಯಲ್ಲಿ ಸೇರಿನಿಂದ ಅಳೆದು ಸುರಿದ ಮೇಲೆ ಒಂದು ಬೊಗಸೆ ಕೊಸರು ಹಾಕುತ್ತಾರೆ. ಆ ಕೊಸರು ನೋಡಿದರೆ ನನಗೆ ಕೈ ತಡೆಯುವುದಿಲ್ಲ. ಒಬ್ಬಳ ಹತ್ತಿರ ಎರಡು ಸೇರು, ಕೊಸರು. ಮುಂದಿನವನ ಹತ್ತಿರ ಎರಡು ಸೇರು, ಕೊಸರು. ಹೀಗೆ ಕೊಸರನ್ನು ಕೂಡಿಸುತ್ತಾ ಕೂಡಿಸುತ್ತಾ ಎಂಟು ಸೇರು ಅಸಲು ಸೇರಿಬಿಟ್ಟಿತ್ತು.

‘ಏನ್ರೀ ಇದು? ಇಷ್ಟೊಂದು ಶೇಂಗಾ ಯಾರಿಗೆ ತಂದ್ರಿ? ಮನ್ಯಾಗ ಇರೋರು ಮೂರು ಮಂದಿ.’

ನನ್ನ ಹೆಂಡತಿ ಧಾರವಾಡದವಳು. ಮೂವತ್ತು ವರ್ಷದಿಂದ ನಾನು ಕಡಲೆಕಾಯಿ ತರುತ್ತೇನೆ, ಅವಳು ಶೇಂಗಾ ತೆಗೆದಿಡುತ್ತಾಳೆ. ಎದುರುಮನೆಯ ಮಂಗಳೂರಿನವರು ಅದನ್ನೇ ನೆಲಗಡಲೆ ಅನ್ನುತ್ತಾರೆ. ನಾವು ಮೂರು ಮನೆತನದವರು ಕೂತು ವಾದಿಸುವಾಗ ಒಂದು ಮಾತನ್ನು ಯಾರೂ ಎತ್ತುವುದಿಲ್ಲ: ಆ ಕಾಯಿಯ ತವರುಮನೆ ದಕ್ಷಿಣ ಅಮೆರಿಕ. ಮೂರು ಹೆಸರೂ ನಾವಿಟ್ಟದ್ದು, ಕಾಯಿ ಮಾತ್ರ ಯಾರದೋ.

ಬೇಯಿಸಿದ್ದಾಯಿತು, ಹುರಿದದ್ದಾಯಿತು, ಅತ್ತೆ ಒಂದು ಡಬ್ಬಿ ಶೇಂಗಾ ಹಿಂಡಿ ಕುಟ್ಟಿದ್ದಾಯಿತು. ಬುಟ್ಟಿ ಅರ್ಧಕ್ಕೂ ಇಳಿಯಲಿಲ್ಲ. ಆಗ ಟೊರಾಂಟೊದಲ್ಲಿರುವ ಮಗಳು ಫೋನಿನಲ್ಲಿ, ‘ಅಪ್ಪಾ, ನಿಮಗೆ ಹೊತ್ತು ಹೋಗ್ತಿಲ್ಲ ಅಲ್ವಾ? ಪೀನಟ್ ಬಟರ್ ಕ್ವಿಕ್ ಬ್ರೆಡ್ ಮಾಡಿ. ತುಂಬಾ ಸುಲಭ’ ಅಂದಳು. ‘ತುಂಬಾ ಸುಲಭ’ ಅನ್ನುವ ಮಾತಿಗೆ ಮರುಳಾಗಿ ಹಾಳಾದವರ ಪಟ್ಟಿ ಇತಿಹಾಸದಲ್ಲಿ ದೊಡ್ಡದಿದೆ. ನನ್ನ ಹೆಸರನ್ನೂ ಬರೆದುಕೊಳ್ಳಿ.

ಅವಳು ಕಳಿಸಿದ್ದು ಹಳೆಯ ಪಾಕ. ಫೈವ್ ರೋಸಸ್ ಅನ್ನುವ ಕೆನಡಾದ ಹಿಟ್ಟಿನ ಕಂಪನಿ 1932ರಲ್ಲಿ ಅಚ್ಚು ಹಾಕಿಸಿದ ಅಡುಗೆ ಪುಸ್ತಕದ್ದು. 1929ರಲ್ಲಿ ಅಮೆರಿಕದ ಷೇರುಪೇಟೆ ಬಿದ್ದು ಜಗತ್ತೆಲ್ಲ ಕೈ ಬಿಗಿ ಹಿಡಿದು ಬದುಕುತ್ತಿದ್ದ ಕಾಲ. ಹಾಗಾಗಿ ಪಾಕವೂ ಕೈ ಬಿಗಿ ಹಿಡಿದಿದೆ: ಎರಡು ಕಪ್ ಮೈದಾ, ಕಾಲು ಕಪ್ ಸಕ್ಕರೆ, ನಾಲ್ಕು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಉಪ್ಪು, ಅರ್ಧ ಕಪ್ ಪೀನಟ್ ಬಟರ್, ಒಂದು ಕಪ್ಪಿನ ಮೇಲೆ ಇನ್ನೊಂದು ಕಪ್ಪಿನ ಮೂರನೇ ಒಂದು ಭಾಗ ಹಾಲು. ಅಷ್ಟೇ. ಮೊಟ್ಟೆಯಿಲ್ಲ, ಬೆಣ್ಣೆಯಿಲ್ಲ, ಈಸ್ಟ್ ಇಲ್ಲ. ಅಲ್ಲಿನವರು ಗತಿಯಿಲ್ಲದೆ ಮೊಟ್ಟೆ ಬಿಟ್ಟದ್ದೇ ನಮ್ಮ ಮನೆಯಲ್ಲಿ ದೊಡ್ಡ ಯೋಗ್ಯತೆಯಾಯಿತು. ಅತ್ತೆ ಪಾಕ ಪೂರ್ತಿ ಕೇಳಿ, ‘ತತ್ತಿ ಇಲ್ಲಂದ್ರ ನಡೀತೈತಿ ತಗೋ’ ಅಂತ ತೀರ್ಪು ಕೊಟ್ಟರು. ನನಗಲ್ಲ, ತಮ್ಮ ಮಗಳಿಗೆ. ನಮ್ಮ ಅತ್ತೆ ನನ್ನ ವಿಷಯದ ಮಾತೆಲ್ಲವನ್ನೂ ಮಗಳ ಮೂಲಕವೇ ಆಡುವುದು. ನಾನು ಎದುರಿಗೇ ಕೂತಿದ್ದರೂ ಸರಿ.

ಮೊದಲು ಪೀನಟ್ ಬಟರ್ ಆಗಬೇಕಲ್ಲ. ಅಂಗಡಿಯಿಂದ ತರಬಹುದಿತ್ತು. ಆದರೆ ಮನೆಯಲ್ಲಿ ಬುಟ್ಟಿ ಕೂತಿದೆ. ಸಣ್ಣ ಉರಿಯಲ್ಲಿ ಬೀಜ ಹುರಿದು, ಆರಲು ಬಿಟ್ಟು, ಅಂಗೈಯಲ್ಲಿ ಉಜ್ಜಿ, ಬಾಲ್ಕನಿಯಲ್ಲಿ ನಿಂತು ಮೊರದಲ್ಲಿ ಕೇರಿದೆ. ಕೆಂಪು ಸಿಪ್ಪೆಯೆಲ್ಲ ಕೆಳಗಿನ ಮನೆಯವರು ಒಣಗಲು ಹಾಕಿದ್ದ ಬಿಳಿ ಪಂಚೆಯ ಮೇಲೆ ಹೋಗಿ ಕೂತಿತು. ಆ ಕಥೆ ಬೇಡ. ಮಿಕ್ಸಿ ಜಾರಿಗೆ ಬೀಜ ಹಾಕಿ ತಿರುಗಿಸಿದರೆ ಮೊದಲ ಒಂದು ನಿಮಿಷ ಪುಡಿ. ಇಲ್ಲಿಗೆ ನಿಲ್ಲಿಸಿ ಉಪ್ಪು, ಖಾರ, ಬೆಳ್ಳುಳ್ಳಿ ಹಾಕಿದರೆ ಹೆಂಡತಿಯ ತವರಿನ ಹಿಂಡಿ. ಮುಂದುವರಿಸಿದರೆ ಪುಡಿ ಮೆತ್ತಗಾಗಿ ಜಾರಿನ ಗೋಡೆಗೆ ಹತ್ತಿಕೊಳ್ಳುತ್ತದೆ. ಬ್ಲೇಡು ಮಾತ್ರ ಗಾಳಿಯಲ್ಲಿ ಗಿರಗಿರ. ಮುಚ್ಚಳ ತೆಗೆದು ಚಮಚದಿಂದ ಕೆಳಗೆ ತಳ್ಳಬೇಕು, ಮತ್ತೆ ತಿರುಗಿಸಬೇಕು. ಇನ್ನೊಂದು ನಿಮಿಷಕ್ಕೆ ಉಂಡೆ ಕಟ್ಟಿಕೊಂಡು ಮೊಂಡು ಹಿಡಿಯುತ್ತದೆ. ಮಿಕ್ಸಿ ಬಿಸಿಯಾಗಿ ಸುಟ್ಟ ವಾಸನೆ. ‘ನೀರು ಹಾಕ್ರಿ, ತಿರುಗತೈತಿ’ ಅಂದಳು ಹೆಂಡತಿ. ಹಾಕಬಾರದು! ಹಾಕಿದರೆ ಇನ್ನಷ್ಟು ಗಟ್ಟಿ. ಮಿಕ್ಸಿಗೆ ಹತ್ತು ನಿಮಿಷ ವಿಶ್ರಾಂತಿ ಕೊಟ್ಟು ಮತ್ತೆ ಶುರು ಮಾಡಿದರೆ, ಯಾವುದೋ ಒಂದು ಕ್ಷಣದಲ್ಲಿ ಉಂಡೆ ತಾನಾಗಿ ಸಡಿಲಗೊಂಡು, ಹೊಳಪು ಬಂದು, ದೋಸೆಹಿಟ್ಟಿನ ಹಾಗೆ ಸುಳಿ ಸುತ್ತಲು ತೊಡಗುತ್ತದೆ. ಬೀಜದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ. ಅದು ಈವರೆಗೆ ಒಳಗೆ ಕೂತು ನಮ್ಮ ತಾಳ್ಮೆ ಅಳೆಯುತ್ತಿತ್ತು.

ಈ ಮುದ್ದೆಗೆ ಮೊದಲು ಪೇಟೆಂಟ್ ಪಡೆದವರಲ್ಲಿ ಮಾಂಟ್ರಿಯಲ್‌ನ ಮಾರ್ಸೆಲಸ್ ಎಡ್ಸನ್ ಒಬ್ಬ, 1884ರಲ್ಲಿ. ಕಡಲೆಕಾಯಿ ಅಪರೂಪವಾದ ಹಿಮದ ನಾಡಿನವನು! ಆಮೇಲೆ ಕಾರ್ನ್ ಫ್ಲೇಕ್ಸಿನ ಕೆಲಾಗ್ ಬಂದ. ಇನ್ನು ಅಮೆರಿಕದ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಪೀನಟ್ ಬಟರ್ ಕಂಡುಹಿಡಿದ ಅನ್ನುವುದು ಬರೀ ಬಾಯಿಮಾತು. ಆದರೆ ಕಡಲೆಕಾಯಿಯನ್ನು 105 ಬಗೆಯಲ್ಲಿ ಅಡುಗೆ ಮಾಡುವುದು ಹೇಗೆ ಅಂತ 1916ರಲ್ಲಿ ಅವನು ಪುಸ್ತಿಕೆ ಬರೆದದ್ದು ನಿಜ. ಇದನ್ನು ಹೇಳಿದಾಗ ಹೆಂಡತಿ, ‘ನೂರಾ ಐದಕ್ಕ ನಿಂತ್ರೇನು? ನಮ್ಮವ್ವನ್ನ ಒಂದು ಮಾತು ಕೇಳಿದ್ರ ಮುಂದಿಂದು ಹೇಳ್ತಿದ್ದಳು’ ಅಂದಳು.

ಅಮೆರಿಕದವರನ್ನು ನೋಡಿ ಸುಮ್ಮನೆ ನಗಬೇಡಿ. ಪೀನಟ್ ಬಟರ್ ಅನ್ನಿಸಿಕೊಳ್ಳಬೇಕಾದರೆ ಅದರಲ್ಲಿ ಕಡಲೆಕಾಯಿ ಶೇ. 90 ಇರಬೇಕು ಅಂತ ಸರ್ಕಾರ, ಶೇ. 87 ಸಾಕು ಅಂತ ಕಂಪನಿಗಳು. 1959ರಲ್ಲಿ ಎದ್ದ ಈ ವ್ಯಾಜ್ಯ ಮುಗಿದು ಶೇ. 90ರ ನಿಯಮ ಜಾರಿಗೆ ಬರುವಾಗ 1971. ಮೂರು ಪರ್ಸೆಂಟಿಗೆ ಹನ್ನೆರಡು ವರ್ಷ! ಅಣ್ಣತಮ್ಮಂದಿರು ಬದುವಿಗಾಗಿ ಕೋರ್ಟು ಅಲೆಯುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ.

ಸರಿ, ಪೀನಟ್ ಬಟರ್ ಸಿದ್ಧವಾಯಿತು. ಇನ್ನು ಬ್ರೆಡ್ಡು. ಪಾಕದಲ್ಲಿ ಒಂದು ಸಾಲಿತ್ತು: ಹಾಲು ಬಿದ್ದ ಮೇಲೆ ಹಿಟ್ಟನ್ನು ಹೆಚ್ಚು ಕಲಸಬೇಡಿ, ಗಂಟಿದ್ದರೆ ಇರಲಿ. ಇದನ್ನು ಓದಿ ನನಗೆ ನಗು ಬಂತು. ಪಾವಗಡದ ಸೀಮೆಯಲ್ಲಿ ಮುದ್ದೆ ತಿರುವಿ ಬೆಳೆದವನು ನಾನು. ಎರಡು ಪಾದದ ನಡುವೆ ಪಾತ್ರೆ ಒತ್ತಿ ಹಿಡಿದು, ಮುದ್ದೆ ಕೋಲಿನಿಂದ ಹಿಟ್ಟನ್ನು ಹೊಡೆದು ತಿರುವದಿದ್ದರೆ ಅಜ್ಜಿ ಊಟ ಹಾಕುತ್ತಿರಲಿಲ್ಲ. ಮುದ್ದೆಯಲ್ಲಿ ಗಂಟು ಸಿಕ್ಕರೆ ತಿರುವಿದವನ ಮೂರು ತಲೆಮಾರು ಎತ್ತಿ ಆಡುತ್ತಿದ್ದರು. ಗಂಟಿದ್ದರೆ ಇರಲಿ ಅನ್ನುವುದು ಸೋಮಾರಿ ಜನಾಂಗದ ಮಾತು ಅಂತ ತೀರ್ಮಾನಿಸಿ, ತೋಳೇರಿಸಿ, ಹಿಟ್ಟು ನನ್ನ ಮುಖ ಕಾಣುವಷ್ಟು ನುಣ್ಣಗಾಗುವ ತನಕ ತಿರುವಿದೆ.

ಒಂದು ಗಂಟೆ ಬೆಂದು ಹೊರಬಂದದ್ದನ್ನು ಅತ್ತೆ ಬೆರಳಿನಿಂದ ಒತ್ತಿದರು, ಉಗುರಿನಿಂದ ಕುಟ್ಟಿದರು. ಮಾತಾಡಲಿಲ್ಲ. ಎದ್ದುಹೋಗಿ ತಮ್ಮ ಎಲೆಯಡಿಕೆ ಡಬ್ಬಿಯಿಂದ ಅಡಕತ್ತರಿ ತಂದು ಪಕ್ಕದಲ್ಲಿಟ್ಟರು.

ಕಾರಣ ಆಮೇಲೆ ತಿಳಿಯಿತು. ಮೈದಾಕ್ಕೆ ದ್ರವ ಸೋಕಿದ ಕೂಡಲೆ ಅದರ ಪ್ರೋಟೀನು ಎಳೆಎಳೆಯಾಗಿ ಹೆಣೆದುಕೊಳ್ಳುತ್ತದೆ. ತಿರುವಿದಷ್ಟೂ ಬಲೆ ಬಿಗಿ. ಅದೇ ಗ್ಲುಟೆನ್. ಹೋಳಿಗೆಯ ಕಣಕವನ್ನು ನಾದಿ, ಜಗ್ಗಿ, ಎಣ್ಣೆಯಲ್ಲಿ ನೆನೆಸುವುದು ಆ ಬಲೆಗಾಗಿಯೇ. ಇಲ್ಲದಿದ್ದರೆ ಹೂರಣ ಹೊರಗೆ ಬರುತ್ತದೆ. ಈಸ್ಟ್ ಹಾಕಿದ ಬ್ರೆಡ್ಡಿಗೂ ಬಲೆ ಬೇಕು. ಈಸ್ಟು ಗಂಟೆಗಟ್ಟಲೆ ಕೂತು ಅದರೊಳಗೆ ಗಾಳಿ ತುಂಬುತ್ತದೆ. ಆದರೆ ಕ್ವಿಕ್ ಬ್ರೆಡ್ಡಿನಲ್ಲಿ ಕೆಲಸ ಬೇಕಿಂಗ್ ಪೌಡರಿನದು. ಅದರ ಉತ್ಸಾಹ ನಮ್ಮ ಹೊಸವರ್ಷದ ಸಂಕಲ್ಪದ ಹಾಗೆ: ಹಾಲು ಸೋಕಿದಾಗ ಒಮ್ಮೆ ಬುಸ್ ಅನ್ನುತ್ತದೆ, ಓವನ್ನಿನ ಬಿಸಿ ತಾಗಿದಾಗ ಇನ್ನೊಮ್ಮೆ ಬುಸ್ ಅನ್ನುತ್ತದೆ, ಮುಗಿಯಿತು. ಅಷ್ಟು ಉಸಿರಿನಲ್ಲಿ ಬಿಗಿದ ಬಲೆ ಎತ್ತಲಾಗುವುದಿಲ್ಲ. ಒಣಹಿಟ್ಟು ಕಣ್ಮರೆಯಾದೊಡನೆ ಕೈ ತೆಗೆಯಬೇಕು. ಹೆಚ್ಚೆಂದರೆ ಹನ್ನೆರಡು, ಹದಿನೈದು ಸುತ್ತು.

ಬೇಕಿಂಗ್ ಪೌಡರಿನ ಹಿಂದೆ ಒಂದು ದಾಂಪತ್ಯದ ಕಥೆಯಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್‌ಫ್ರೆಡ್ ಬರ್ಡ್ ಅಂತ ಒಬ್ಬ ಔಷಧಿ ಅಂಗಡಿಯವನು. ಅವನ ಹೆಂಡತಿಗೆ ಈಸ್ಟ್ ಒಗ್ಗುತ್ತಿರಲಿಲ್ಲ, ಮೊಟ್ಟೆಯೂ ಒಗ್ಗುತ್ತಿರಲಿಲ್ಲ. ಅವಳೂ ಬ್ರೆಡ್ಡು ತಿನ್ನಲಿ ಅಂತ 1843ರಲ್ಲಿ ಅವನು ಈ ಪುಡಿ ಮಾಡಿದ. ಇದನ್ನು ಮನೆಯಲ್ಲಿ ಹೇಳಬಾರದಿತ್ತು.

‘ನೋಡ್ರಿ, ಗಂಡ ಅಂದ್ರ ಹಂಗಿರಬೇಕು.’

‘ನಿನಗೆ ಯಾವ ಅಲರ್ಜಿಯೂ ಇಲ್ಲವಲ್ಲೇ, ನಾನು ಏನು ಕಂಡುಹಿಡಿಯಲಿ?’

‘ಐತಿ ಒಂದು. ಅದಕ್ಕ ಪುಡಿ ಇಲ್ಲ. ಮದುವಿ ಆಗಿಬಿಟ್ಟೈತಿ.’

ಎರಡನೇ ಭಾನುವಾರ ಹಿಟ್ಟನ್ನು ಕಡಿಮೆ ಕಲಸಿದೆ. ಟಿನ್ನಿಗೆ ಸುರಿದೆ, ಓವನ್ನಿಗಿಟ್ಟೆ. ಪುಸ್ತಕದ 325 ಡಿಗ್ರಿ ಫ್ಯಾರನ್‌ಹೀಟ್ ನಮ್ಮ ಲೆಕ್ಕಕ್ಕೆ ಸುಮಾರು 160 ಸೆಲ್ಸಿಯಸ್. ನಮ್ಮ ಓವನ್ನಿನ ಗುಂಡಿಯಲ್ಲಿ ಆ ಗೆರೆಯೇ ಇಲ್ಲದ್ದರಿಂದ ದೇವರ ಮೇಲೆ ಭಾರ ಹಾಕಿ 150 ದಾಟಿಸಿ ನಿಲ್ಲಿಸಿದೆ. ಒಂದು ಗಂಟೆ ಸುಮ್ಮನೆ ಕೂರಬೇಕು. ಕೂತೆ. ಗಾಜಿನಾಚೆ ಕೆಂಪು ಬೆಳಕಿನಲ್ಲಿ ಹಿಟ್ಟು ಮೆಲ್ಲಗೆ ಉಬ್ಬುತ್ತಿತ್ತು. ಆಗ ಒಂದು ಯೋಚನೆ ಬಂತು. ನನ್ನ ಬಾಲ್ಯದಲ್ಲಿ ಪಾವಗಡದ ಕಡೆ ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಸಾಲ. ಈಗ ತಿರುಮಣಿಯ ಸುತ್ತಲಿನ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯಲ್ಲಿ ಬಿಸಿಲು ಹಿಡಿಯುವ ಗಾಜಿನ ಹಲಗೆ ನೆಟ್ಟು 2,050 ಮೆಗಾವ್ಯಾಟ್ ವಿದ್ಯುತ್ ಬೆಳೆಯುತ್ತಾರೆ. ರೈತರು ಹೊಲ ಗುತ್ತಿಗೆಗೆ ಕೊಟ್ಟಿದ್ದಾರೆ. ಹಾಗಿದ್ದರೆ ಒಂದು ಕಾಲದ ಕಡಲೆಕಾಯಿ ಹೊಲದ ಕರೆಂಟಿನಲ್ಲೇ ನನ್ನ ಕಡಲೆಕಾಯಿ ಬ್ರೆಡ್ಡು ಬೇಯುತ್ತಿರಬಹುದಲ್ಲ! ಇಷ್ಟು ದೊಡ್ಡ ಯೋಚನೆ ಬಂದ ಮೇಲೆ ಕೂರುವುದು ಹೇಗೆ? ಎದ್ದು ಓವನ್ನಿನ ಬಾಗಿಲು ತೆರೆದು ನೋಡಿದೆ. ಚೆನ್ನಾಗಿದೆ. ಐದು ನಿಮಿಷ ಬಿಟ್ಟು ಮತ್ತೆ ತೆರೆದೆ. ಹೆಂಡತಿಗೂ ತೋರಿಸಿದೆ.

ಒಡಲಿನ್ನೂ ಗಟ್ಟಿಯಾಗದ ಬ್ರೆಡ್ಡು ಬಿಸಿಗಾಳಿಯ ಧೈರ್ಯದ ಮೇಲೆ ಮಾತ್ರ ನಿಂತಿರುತ್ತದೆ. ಬಾಗಿಲು ತೆರೆದರೆ ತಣ್ಣನೆ ಗಾಳಿ ನುಗ್ಗಿ ಧೈರ್ಯ ಹೋಗುತ್ತದೆ. ನನ್ನ ಬ್ರೆಡ್ಡು ನಡುವೆ ಕುಸಿದು ಕೂತಿತು. ಅತ್ತೆ ಮಗಳ ಕಡೆ ತಿರುಗಿ, ‘ನಿನ್ನ ಗಂಡ ಶ್ಯಾಣ್ಯಾ ಅದಾನ ಬಿಡು. ತುಪ್ಪ ಹಾಕಾಕ ಕುಣಿ ಸೈತ ಮಾಡ್ಯಾನ’ ಅಂದರು. ತುಪ್ಪ ಹಾಕಿಯೂ ಬಿಟ್ಟರು.

ಮೂರನೇ ಭಾನುವಾರ ಕಲಸಿದ್ದೂ ಹದ, ಬಾಗಿಲೂ ತೆರೆಯಲಿಲ್ಲ. ಹೆಂಡತಿ ಓವನ್ನಿನ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದಳು. ಹಿಡಿಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಹೊರಬಂತು. ಮನೆತುಂಬ ಹುರಿದ ಕಡಲೆಕಾಯಿಯ ಘಮ. ಆ ಘಮಕ್ಕೆ ಬುದ್ಧಿ ನಿಲ್ಲುತ್ತದೆಯೆ? ಹೊಗೆಯಾಡುವಾಗಲೇ ಚಾಕು ಇಳಿಸಿದೆ. ಒಳಗಿನ್ನೂ ಹಬೆ ಓಡಾಡುತ್ತಿತ್ತು. ಆರುತ್ತಾ ಬಂದರೆ ತಾನೆ ಬ್ರೆಡ್ಡು ಬಿಗಿದುಕೊಳ್ಳುವುದು. ಮೊದಲ ತುಂಡು ಚಾಕುವಿಗೆ ಮೆತ್ತಿಕೊಂಡಿತು, ಎರಡನೆಯದು ಉದುರಿತು, ಮೂರನೆಯದರ ಹೊತ್ತಿಗೆ ಅದು ಬ್ರೆಡ್ಡೇ ಆಗಿರಲಿಲ್ಲ. ಸಾಯಂಕಾಲ ಅತ್ತೆ ಆ ರಾಶಿಗೆ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ, ಲಿಂಬೆಹಣ್ಣು ಹಿಂಡಿ ಉಪ್ಪಿಟ್ಟು ಮಾಡಿದರು. ನಿಜ ಹೇಳಬೇಕೆಂದರೆ ಆ ಮೂರು ವಾರದಲ್ಲಿ ರುಚಿಯಾಗಿದ್ದು ಅದೊಂದೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಅಜ್ಜ ನೆನಪಾದ. ಕಡಲೆಕಾಯಿ ಗಿಡದ ನಡತೆಯೇ ವಿಚಿತ್ರ. ಹೂವು ಬಿಡುವುದು ಮೇಲೆ. ಆಮೇಲೆ ಹೂವು ಬಾಡಿ, ಅದರ ಬುಡದಿಂದ ಸೂಜಿಯಂಥ ಒಂದು ಊಡು ಕೆಳಗೆ ಇಳಿದು, ಮಣ್ಣು ಹೊಕ್ಕು, ಕತ್ತಲಲ್ಲಿ ಕಾಯಿ ಕಟ್ಟುತ್ತದೆ. ಏಳು ವರ್ಷದ ನನಗೆ ಕಾಯಿ ಕಟ್ಟಿದೆಯೋ ಇಲ್ಲವೋ ನೋಡಬೇಕು. ದಿನಕ್ಕೊಂದು ಗಿಡ ಕಿತ್ತು ನೋಡುವುದು, ಎಳೆಗಾಯಿ ಕಂಡು ಮತ್ತೆ ನೆಡುವುದು. ನೆಟ್ಟದ್ದು ಸಾಯಂಕಾಲಕ್ಕೆ ಒಣಗುತ್ತಿತ್ತು. ಸಾಲಿನಲ್ಲಿ ಹನ್ನೊಂದು ಗಿಡ ಒಣಗಿದ ಮೇಲೆ ಅಜ್ಜ ಕಿವಿ ಹಿಡಿದು, ‘ಅದರ ಪಾಡಿಗೆ ಅದು ಮಾಡ್ಕೊಂತದೆ, ನೀನು ಸುಮ್ಕಿರೋ’ ಅಂದಿದ್ದ. ಐವತ್ತನಾಲ್ಕು ವರ್ಷವಾದರೂ ಕಿವಿ ಬಿಸಿಯಾಯಿತು. ಗಿಡ ಹೇಳಿದ್ದನ್ನೇ ಬ್ರೆಡ್ಡೂ ಹೇಳುತ್ತಿದೆ: ಕಲಸಿದ್ದು ಸಾಕು, ಇಣುಕಿದ್ದು ಸಾಕು, ಹೆಚ್ಚಬೇಡ, ಕೈ ತೆಗಿ. ಕ್ವಿಕ್ ಬ್ರೆಡ್ಡಿನಲ್ಲಿ ಅವಸರ ಬ್ರೆಡ್ಡಿನದು. ಮಾಡುವವನದಲ್ಲ.

ಇಷ್ಟು ಜ್ಞಾನೋದಯವಾದ ಮೇಲೆ ನಾಲ್ಕನೇ ಭಾನುವಾರ ನಾನು ಸುಧಾರಿಸಿದೆ ಅಂದುಕೊಂಡಿರಾ? ಇಲ್ಲ. ಹಾಲಿನಲ್ಲಿ ಕದಡಿದ ಪೀನಟ್ ಬಟರನ್ನು ಹಿಟ್ಟಿಗೆ ಸುರಿದೆ, ಸೌಟು ಆಡಿಸಿದೆ, ಹತ್ತು ಸುತ್ತಾಯಿತು. ಗಂಟು ಕಂಡಿತು. ಕೈ ನವೆಯಾಡಿತು. ಇನ್ನೇನು ಅಜ್ಜಿಯ ಮುದ್ದೆ ಕೋಲು ಮೈಮೇಲೆ ಬರಬೇಕು, ಅಷ್ಟರಲ್ಲಿ ಫೋನು ಬಡಿದುಕೊಂಡಿತು.

‘ಸರ್, ಪರ್ಸನಲ್ ಲೋನ್ ಬೇಕಿತ್ತಾ ಸರ್? ಐದು ಲಕ್ಷ ಅಪ್ರೂವ್ ಆಗಿದೆ ಸರ್.’

ಪಾಪ, ಹುಡುಗಿ. ಅವಳಿಗೂ ಗುರಿ ಮುಟ್ಟುವ ಬಿಸಿ ಇರುತ್ತದೆ. ಬೇಡಮ್ಮ ಅಂದೆ. ಯಾಕೆ ಸರ್ ಅಂದಳು. ನಿವೃತ್ತಿಯಾಗಿದೆ ಅಂದೆ. ಪೆನ್ಷನ್ ಮೇಲೂ ಕೊಡ್ತೀವಿ ಸರ್ ಅಂದಳು. ಬ್ರೆಡ್ಡು ಮಾಡುತ್ತಿದ್ದೇನೆ ಅಂದೆ. ಬೇಕರಿ ಇದ್ದರೆ ಬಿಸಿನೆಸ್ ಲೋನ್ ಇದೆ ಸರ್ ಅಂದಳು. ನನಗೂ ಮಾತಾಡಲು ಬಿಡುವವರು ಸಿಕ್ಕದೆ ಬಹಳ ದಿನವಾಗಿತ್ತು. ಬೇಕರಿಯ ಬಡ್ಡಿ ದರದವರೆಗೂ ಹೋದೆವು. ಅಷ್ಟರಲ್ಲಿ ಹೆಂಡತಿ ಬಂದು, ಗಂಟುಗಂಟಾಗಿದ್ದ ಹಿಟ್ಟನ್ನು ಹಾಗೆಯೇ ಟಿನ್ನಿಗೆ ಸುರಿದು ಓವನ್ನಿಗಿಟ್ಟು ಹೋಗಿದ್ದಳು. ಮಧ್ಯಾಹ್ನ ಮೂವರೂ ಒಂದು ಗೃಹಪ್ರವೇಶಕ್ಕೆ ಹೋಗಬೇಕಿತ್ತು. ಬೆಂದದ್ದನ್ನು ಕವುಚಿ ಬಟ್ಟೆ ಮುಚ್ಚಿಟ್ಟು ಹೋದೆವು, ಬರುವಾಗ ರಾತ್ರಿ.

ಬೆಳಗ್ಗೆ ಹೆಚ್ಚಿದರೆ ಚಾಕು ಇಳಿದದ್ದೇ ಗೊತ್ತಾಗಲಿಲ್ಲ. ಹೊರಗೆ ಕಂದು, ಒಳಗೆ ತಿಳಿಜೇನಿನ ಬಣ್ಣ, ಉದುರದೆ ಅಂಟದೆ ನಿಂತ ತುಂಡು. ರಾತ್ರಿ ಕಳೆದ ಮೇಲೆ ಕಡಲೆಕಾಯಿಯ ರುಚಿ ಇನ್ನೂ ಮುಂದೆ ಬಂದಿತ್ತು. ಕಾವಲಿಯಲ್ಲಿ ತುಸು ಬೆಣ್ಣೆ ಸವರಿ ಬಿಸಿ ಮಾಡಿ ಕಾಫಿಯ ಜೊತೆ ತಿಂದೆವು. ಅತ್ತೆ ಎರಡು ತುಂಡು ತಿಂದು, ಮೂರನೆಯದಕ್ಕೆ ಕೈ ಹಾಕುತ್ತಾ ನನ್ನನ್ನೇ ನೋಡಿ, ‘ಚಲೋ ಆಗೇತ್ರಿ’ ಅಂದರು. ಮೂವತ್ತು ವರ್ಷದಲ್ಲಿ ನನ್ನೊಡನೆ ನೇರವಾಗಿ ಆಡಿದ ಮೊದಲ ಪ್ರಶಂಸೆ. ನಾನು ಬೀಗುತ್ತಾ, ‘ಹೇಗಿದೆ ನನ್ನ ಕೈಗುಣ?’ ಅಂತ ಹೆಂಡತಿಯನ್ನು ಕೇಳಿದೆ.

‘ನಿಮ್ಮ ಕೈ ಅದಕ್ಕ ಹತ್ತಿಲ್ಲ, ಅದಕ್ಕ ಚಲೋ ಆಗೇತಿ. ಲೋನಿನ ಹುಡುಗಿಗೆ ಎರಡು ತುಣುಕು ಕಳಸ್ರಿ.’

ನಿನ್ನೆ ಐದನೇ ಭಾನುವಾರ. ಬುಟ್ಟಿಯ ತಳದ ಕಡಲೆಕಾಯಿ. ಹಿಟ್ಟಿಗೆ ಹಾಲು ಸುರಿದೆ. ಹತ್ತು ಸುತ್ತು, ಹನ್ನೊಂದು, ಹನ್ನೆರಡು. ಗಂಟು ಕಂಡಿತು. ಫೋನಿನ ಕಡೆ ನೋಡಿದೆ, ಸದ್ದಿಲ್ಲ. ಬೇಡವೆಂದಾಗ ದಿನಕ್ಕೆ ಆರು ಬಾರಿ ಕರೆಯುವವರು ಬೇಕೆಂದಾಗ ಎಲ್ಲಿ ಹೋಗುತ್ತಾರೋ! ಹದಿಮೂರು. ಹದಿನಾಲ್ಕು. ಹದಿನೈದನೇ ಸುತ್ತಿಗೆ ಫೋನು ಬಡಿದುಕೊಂಡಿತು. ಸೌಟು ಬಿಟ್ಟು, ಕೈ ಒರೆಸಿಕೊಂಡು, ನಂಬರು ನೋಡದೆ ಎತ್ತಿದೆ.

ಆ ಕಡೆಯ ದನಿ ಫೋನಿನಿಂದಲೂ ಬರುತ್ತಿತ್ತು, ಪಡಸಾಲೆಯಿಂದಲೂ ಬರುತ್ತಿತ್ತು.

‘ಹಲೋ ಸರ್, ಪರ್ಸನಲ್ ಲೋನ್ ಬೇಕೇನ್ರಿ?’